ಪ್ರಮಾಣವೆಂಬ ಮಾತು: ವಿಕಿರಣದ ಮಿತಿಯನ್ನು ಸಡಿಲಿಸಬಾರದೇಕೆ?

ಕನ್ನಡದಲ್ಲಿ 'ಪ್ರಮಾಣ' ಎಂಬ ಶಬ್ದಕ್ಕೆ ಮೂರು ಅರ್ಥಗಳು ಬಳಕೆಯಲ್ಲಿವೆ. ಅಳತೆ ಎಂಬುದು ಮೊದಲನೆಯದು. ಆಧಾರ ಅಥವಾ ಸಾಕ್ಷ್ಯ ಎಂಬುದು ಎರಡನೆಯದು. ಆಣೆ, ಕೊಟ್ಟ ಮಾತು ಎಂಬುದು ಮೂರನೆಯದು. ಅಳೆಯುವುದೆಂಬ ಅರ್ಥವುಳ್ಳ 'ಮಾ' ಧಾತುವಿನಿಂದಲೇ ಪ್ರಮಾಣವೂ ಹುಟ್ಟಿತು, ಮಿತಿಯೂ ಹುಟ್ಟಿತು. ಒಂದೇ ಬೇರಿನ ಈ ಶಬ್ದಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಜಗತ್ತಿನ ವಿಜ್ಞಾನಿಗಳೂ ಸರಕಾರಗಳೂ ಇಂದು ಚರ್ಚಿಸುತ್ತಿರುವ ಒಂದು ಗಹನವಾದ ವಿಷಯವು ಸಾಮಾನ್ಯ ಓದುಗನಿಗೂ ನಿಲುಕುವಂತಾಗುತ್ತದೆ. ಅಣುವಿದ್ಯುತ್ ಸ್ಥಾವರಗಳಲ್ಲಿ ದುಡಿಯುವ ಕಾರ್ಮಿಕನೂ ಅವುಗಳ ನೆರೆಯಲ್ಲಿ ಬಾಳುವ ನಿವಾಸಿಯೂ ವರ್ಷವೊಂದಕ್ಕೆ ಎಷ್ಟು ವಿಕಿರಣಕ್ಕೆ ಒಳಗಾಗಬಹುದು, ಆ ಮಿತಿಯನ್ನು ಸಡಿಲಿಸಬಹುದೆ ಎಂಬುದೇ ಆ ವಿಷಯ.

ಶರಾವತಿಯ ಹಿನ್ನೀರಿನ ನಡುವಣ ತುಮರಿಯ ಜನಕ್ಕೆ ವಿದ್ಯುತ್ತಿನ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಾಗ ಗದ್ದೆ, ತೋಟ, ಮನೆ, ಗುಡಿಗಳು ನೀರೊಳಗಾದವು. ನಾಡಿಗೆ ಬೆಳಕು ಬಂತು, ಕರೂರು ಸೀಮೆ ದ್ವೀಪದಂತಾಯಿತು. ಆರು ದಶಕಗಳ ಕಾಲ ಲಾಂಚಿನ ವೇಳೆಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡ ಈ ಸೀಮೆಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಎರಡು ಕಿಲೋಮೀಟರಿಗೂ ಉದ್ದವಾದ ಆ ಸೇತುವೆಯ ಮೇಲೆ ನಿಂತು ನೋಡಿದರೆ ಏನು ಮುಳುಗಿತು, ಎಲ್ಲಿ ಮುಳುಗಿತು ಎಂಬುದನ್ನು ಹಿರಿಯರು ಇಂದಿಗೂ ಬೆರಳು ಮಾಡಿ ತೋರಿಸಬಲ್ಲರು. ಮುಳುಗಡೆಯ ನಷ್ಟ ಕಣ್ಣಿಗೆ ಕಾಣುವಂಥದು. ವಿಕಿರಣದ ನಷ್ಟ ಅಂಥದಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಗುಲಿದ ಗಳಿಗೆಯಲ್ಲಿ ನೋವಿಲ್ಲ. ಫಲ ಕಾಣುವುದಾದರೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ತರುವಾಯ. ಬೆರಳು ಮಾಡಿ ತೋರಿಸಲಾಗದ ಕಡೆ ಮನುಷ್ಯನಿಗೆ ಉಳಿಯುವ ರಕ್ಷೆ ಒಂದೇ: ಅಂಕೆ. ಆ ಅಂಕೆಯನ್ನು ಬದಲಿಸುವುದೆಂದರೆ ರಕ್ಷೆಯನ್ನೇ ಬದಲಿಸಿದಂತೆ.

ಅಳತೆಯ ಕ್ರಮ

ಕೆಲವು ಪರಮಾಣುಗಳ ಬೀಜಗಳು ತಮ್ಮಷ್ಟಕ್ಕೆ ಒಡೆಯುತ್ತ ಕಿರಣಗಳನ್ನೂ ಕಣಗಳನ್ನೂ ಹೊರಸೂಸುತ್ತವೆ. ಇವು ದೇಹದೊಳಗೆ ಹಾಯುವಾಗ ಜೀವಕೋಶಗಳ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕಿ, ವಂಶವಾಹಿ ತಂತುವನ್ನು ಕಡಿಯಬಲ್ಲವು. ದೇಹವು ಇಂಥ ಕಡಿತಗಳನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಆದರೆ ತಪ್ಪಾಗಿ ಬೆಸೆದ ಒಂದು ತಂತು ಉಳಿದರೂ ಮುಂದೆಂದೋ ಅರ್ಬುದರೋಗಕ್ಕೆ ಮೂಲವಾಗಬಹುದು. ದೇಹಕ್ಕೆ ಒದಗುವ ಈ ಅಪಾಯದ ಅಳತೆಗೆ ಸ್ವೀಡನ್ನಿನ ವಿಜ್ಞಾನಿ ರಾಲ್ಫ್ ಸೀವರ್ಟರ ಹೆಸರನ್ನಿಟ್ಟಿದ್ದಾರೆ. ಒಂದು ಸೀವರ್ಟಿನ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್.

ನೆಲ, ಗಾಳಿ, ಆಹಾರ, ಆಕಾಶ ಇವುಗಳಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣವು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಕಾನೂನಿನ ಮಿತಿಗಳು ಇದನ್ನಾಗಲಿ, ರೋಗಿಗೆ ವೈದ್ಯರು ಮಾಡಿಸುವ ಎಕ್ಸ್-ರೇಯನ್ನಾಗಲಿ ಒಳಗೊಳ್ಳುವುದಿಲ್ಲ. ಉದ್ಯಮವೊಂದು ತನ್ನ ಕಾರ್ಯಕ್ಕಾಗಿ ಇತರರ ಮೇಲೆ ಹೇರುವ ಹೆಚ್ಚುವರಿ ಪಾಲಿಗೆ ಮಾತ್ರ ಅವು ಅನ್ವಯಿಸುತ್ತವೆ. ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಧಿಸಿರುವ ಮಿತಿ ಹೀಗಿದೆ: ವಿಕಿರಣದ ನಡುವೆ ದುಡಿಯುವ ಕಾರ್ಮಿಕನಿಗೆ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್, ಅಂದರೆ ವರ್ಷಕ್ಕೆ ಸರಾಸರಿ 20, ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರಕೂಡದು. ನೆರೆಯ ನಿವಾಸಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ಅಂತರರಾಷ್ಟ್ರೀಯ ಶಿಫಾರಸು ಕಾರ್ಮಿಕನಿಗೆ ಒಂದು ವರ್ಷದಲ್ಲಿ 50ರ ವರೆಗೆ ಅವಕಾಶವೀಯುತ್ತದೆ. ಅದಕ್ಕಿಂತ ಬಿಗಿಯಾದ ಮೇರೆಯನ್ನು ಭಾರತ ತಾನೇ ಹಾಕಿಕೊಂಡಿದೆ ಎಂಬುದು ಅಭಿಮಾನಪಡತಕ್ಕ ಸಂಗತಿ.

ಈ ಮಿತಿಗಳ ಜೊತೆಗೆ ಇನ್ನೊಂದು ತತ್ತ್ವವೂ ಇದೆ. ಮಿತಿಯೊಳಗಿದ್ದರೆ ಸಾಲದು, ಯುಕ್ತವಾದ ಪ್ರಯತ್ನದಿಂದ ಎಷ್ಟು ತಗ್ಗಿಸಲು ಸಾಧ್ಯವೋ ಅಷ್ಟೂ ತಗ್ಗಿಸಬೇಕೆಂಬುದು ಅದರ ತಾತ್ಪರ್ಯ. ಬೇಲಿ ಇದೆಯೆಂದು ದನವನ್ನು ಬೇಲಿಯ ಅಂಚಿನವರೆಗೂ ಮೇಯಲು ಬಿಡುವ ಒಕ್ಕಲಿಗನಿಲ್ಲ. ಅದರಂತೆಯೇ ಇದು.

ಅರಿವು ಹೆಚ್ಚಿದಂತೆ ಇಳಿದ ಮಿತಿ

1895ರಲ್ಲಿ ರಂಟ್ಜನ್ ಎಕ್ಸ್ ಕಿರಣವನ್ನೂ 1896ರಲ್ಲಿ ಬೆಕೆರಲ್ ಯುರೇನಿಯಮ್ಮಿನ ವಿಕಿರಣವನ್ನೂ ಕಂಡುಹಿಡಿದಾಗ ಜಗತ್ತು ಅಚ್ಚರಿಯಿಂದ ನಲಿಯಿತು. ಅಪಾಯವನ್ನು ಎಣಿಸಿದವರು ವಿರಳ. ಎಡಿಸನ್ನರ ಪ್ರಯೋಗಾಲಯದಲ್ಲಿ ಎಕ್ಸ್ ಕಿರಣದ ನಳಿಗೆಗಳೊಡನೆ ದುಡಿದ ಕ್ಲಾರೆನ್ಸ್ ಡ್ಯಾಲಿ ಎಂಬಾತ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರದ ಅಂಕೆಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಅದು ನಿರುಪದ್ರವಿಯೆಂದು ಅವರನ್ನು ನಂಬಿಸಲಾಗಿತ್ತು. ದವಡೆಯ ಎಲುಬು ಕೊಳೆತು ಹಲವರು ಸತ್ತರು. ನ್ಯೂಜೆರ್ಸಿಯ ಐವರು ಸ್ತ್ರೀಯರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ, ಇಂದಿನ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ ಮೂಲಸಂಸ್ಥೆ ಜನ್ಮ ತಾಳಿತು.

ಆ ಸಂಸ್ಥೆ 1934ರಲ್ಲಿ ಹೇಳಿದ ಸಹ್ಯ ಪ್ರಮಾಣವನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಈಗಿನ ಮಾನದಲ್ಲಿ ಐನೂರು ಮಿಲಿಸೀವರ್ಟಿಗೂ ಮೀರುತ್ತಿತ್ತು. 1950ರ ಹೊತ್ತಿಗೆ ಅದು ಸುಮಾರು 150ಕ್ಕೆ ಇಳಿಯಿತು. ಆ ದಶಕದ ಕೊನೆಗೆ 50ಕ್ಕೆ. 1990ರ ಶಿಫಾರಸಿನಲ್ಲಿ ಸರಾಸರಿ 20ಕ್ಕೆ. ಯಾರ ಔದಾರ್ಯದಿಂದಲೂ ಈ ಇಳಿಕೆ ಬಂದುದಲ್ಲ. ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಪರೀಕ್ಷಿಸಿದ್ದರಿಂದ, ಗರ್ಭಿಣಿಯರಿಗೆ ತೆಗೆದ ಎಕ್ಸ್-ರೇ ಮುಂದೆ ಮಕ್ಕಳಲ್ಲಿ ಅರ್ಬುದರೋಗವನ್ನು ಹೆಚ್ಚಿಸುತ್ತದೆಂದು 1956ರಲ್ಲಿ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ ತೋರಿಸಿಕೊಟ್ಟದ್ದರಿಂದ, ಅರಿವು ಬೆಳೆದಂತೆಲ್ಲ ಮಿತಿ ತಗ್ಗಿತು. ಇಲ್ಲಿ 'ಪ್ರಮಾಣ'ದ ಎರಡನೆಯ ಅರ್ಥ ಮೊದಲನೆಯದನ್ನು ಆಳಿತು: ಸಾಕ್ಷ್ಯವು ಅಳತೆಯನ್ನು ತಿದ್ದಿತು. ಮಿತಿಯನ್ನು ಮೇಲಕ್ಕೆ ಸರಿಸಬೇಕೆನ್ನುವವರು ಇದೇ ನಿಯಮಕ್ಕೆ ಬದ್ಧರಾಗಿ, ಅಪಾಯ ಎಣಿಸಿದ್ದಕ್ಕಿಂತ ಕಡಿಮೆಯೆಂಬುದಕ್ಕೆ ಸಾಕ್ಷ್ಯ ಒದಗಿಸಬೇಕಾಗುತ್ತದೆ.

ಇತ್ತೀಚಿನ ಸಾಕ್ಷ್ಯ ಹೇಳುವುದಾದರೂ ಬೇರೆ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ 3,09,932 ಮಂದಿ ಅಣು ಕಾರ್ಮಿಕರನ್ನು ಕುರಿತ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ವಿಕಿರಣದ ಪ್ರಮಾಣ ಹೆಚ್ಚಿದಂತೆ ಗಡ್ಡೆರೂಪದ ಅರ್ಬುದದಿಂದ ಸಾಯುವವರ ದರವೂ ಹೆಚ್ಚುತ್ತದೆ, ಪ್ರತಿ ಗ್ರೇ ಎಂಬ ಮಾನಕ್ಕೆ ಶೇಕಡ 52ರಷ್ಟು ಹೆಚ್ಚುತ್ತದೆ, ಅಲ್ಪ ಪ್ರಮಾಣದಲ್ಲಿಯೂ ಈ ಏರಿಕೆ ಕುಗ್ಗುವುದಿಲ್ಲ ಎಂಬುದು ಅದರ ಸಾರ. ಇವರು ಬಾಂಬಿಗೆ ತುತ್ತಾದವರಲ್ಲ. ಮಿತಿಯೊಳಗೆ, ನಿತ್ಯದ ಕೆಲಸದಲ್ಲಿ, ಹನಿ ಹನಿಯಾಗಿ ವಿಕಿರಣವನ್ನು ಕೂಡಿಸಿಕೊಂಡವರು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಮಳೆಗೆ ಮಾತ್ರ ಸಲ್ಲುವುದಲ್ಲ.

ಕೈಗಾ ಕಲಿಸಿದ ಪಾಠ

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಮೈದಳೆದಿರುವ ಸ್ಥಳ ಕೈಗಾ. ಶರಾವತಿಯಂತೆಯೇ ಘಟ್ಟವಿಳಿದು ಪಶ್ಚಿಮ ಸಮುದ್ರ ಸೇರುವ ಕಾಳಿ ನದಿಯ ದಂಡೆಯಲ್ಲಿ, ಕಾರವಾರ ತಾಲ್ಲೂಕಿನ ದಟ್ಟ ಕಾಡಿನ ನಡುವೆ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಿದ್ಯುತ್ ನೀಡತೊಡಗಿದವು. ಇದನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಊರೂರು ತಿರುಗಿದರು. 1989ರ ಲೋಕಸಭಾ ಚುನಾವಣೆಗೂ ನಿಂತು ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಘಟಕವೊಂದರ ಗುಮ್ಮಟದ ಒಳಪದರ ಕುಸಿಯಿತು. ಇಂಧನ ತುಂಬುವ ಮೊದಲೇ ಹಾಗಾದದ್ದು ನಾಡಿನ ಪುಣ್ಯ. ಇತ್ತ ಮೊದಲನೆಯ ಘಟಕವು 2018ರ ಕೊನೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ವಿಶ್ವದಾಖಲೆ ಸ್ಥಾಪಿಸಿತೆಂಬುದನ್ನೂ ನ್ಯಾಯವಾಗಿ ಹೇಳತಕ್ಕದ್ದು. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದು, 2019ರಲ್ಲಿ ಪರಿಸರದ ಅನುಮತಿ ದೊರೆತಿದೆ.

ಈ ಬರಹದ ವಿಷಯ ಅಣುವಿದ್ಯುತ್ತು ಬೇಕೆ ಬೇಡವೆ ಎಂಬುದಲ್ಲ. ಅದು ಬೇಕೆನ್ನುವವನೂ ಬೇಡವೆನ್ನುವವನೂ ಒಪ್ಪಬೇಕಾದ ಒಂದು ಅಂಶವನ್ನು 2009ರ ನವೆಂಬರಿನಲ್ಲಿ ಕೈಗಾದಲ್ಲಿ ನಡೆದ ಘಟನೆ ತಿಳಿಸುತ್ತದೆ. ಕೈಗಾದಂಥ ಸ್ಥಾವರಗಳಲ್ಲಿ ಬಳಸುವ ಭಾರಜಲದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಕ್ರಮೇಣ ಉಂಟಾಗುತ್ತದೆ. ಅಂಥ ಭಾರಜಲವನ್ನು ಯಾರೋ ಕಾರ್ಮಿಕರ ಕುಡಿಯುವ ನೀರಿನ ಯಂತ್ರಕ್ಕೆ ಬೆರೆಸಿದ್ದರು. ಹತ್ತಾರು ಮಂದಿ ಅದನ್ನರಿಯದೆ ಕುಡಿದರು. ಟ್ರಿಟಿಯಮ್ಮಿನ ಕಿರಣ ಬಲು ದುರ್ಬಲವಾದುದರಿಂದ ಎದೆಯ ಮೇಲೆ ಧರಿಸುವ ಅಳತೆಯ ಬಿಲ್ಲೆಗೆ ಅದು ಸಿಕ್ಕುವುದಿಲ್ಲ. ನೀರಿನಲ್ಲಿ ನೀರಾಗಿ ಮೈಯೆಲ್ಲ ವ್ಯಾಪಿಸುತ್ತದೆ. ಪತ್ತೆಯಾದುದು ಹೇಗೆ? ಕಾರ್ಮಿಕರ ಮೂತ್ರವನ್ನು ನಿಯಮದಂತೆ ಪರೀಕ್ಷಿಸುವ ಪದ್ಧತಿಯಿಂದ. ಕೂಡಲೆ ಅವರಿಗೆ ಚಿಕಿತ್ಸೆ ನಡೆಯಿತು. ಹೆಚ್ಚು ದ್ರವ ಕುಡಿಸಿದರೆ ಟ್ರಿಟಿಯಂ ಬೇಗ ಹೊರಹೋಗುತ್ತದೆ. ದೇಹದಲ್ಲಿ ಅದರ ಅರ್ಧ ಪಾಲು ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ಕಳೆಯುತ್ತದೆ.

ಈ ಘಟನೆಯ ತಿರುಳನ್ನು ಗಮನಿಸಬೇಕು. ಪರೀಕ್ಷೆ ನಡೆದುದು ಮಿತಿ ಇದ್ದುದರಿಂದ. ಮಿತಿ ಕೆಳಮಟ್ಟದಲ್ಲಿದ್ದರೆ ಅಲ್ಪ ವ್ಯತ್ಯಾಸವೂ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೇಲಕ್ಕೇರಿಸಿದರೆ ಅದೇ ವ್ಯತ್ಯಾಸ ಲೆಕ್ಕದ ಪುಸ್ತಕದಲ್ಲಿ ಸದ್ದಿಲ್ಲದೆ ಮಲಗುತ್ತದೆ. ಸಡಿಲವಾದ ಮಿತಿಯು ದೇಹಕ್ಕೆ ಹೆಚ್ಚು ವಿಕಿರಣವನ್ನು ಬಿಡುವುದಲ್ಲದೆ, ತಪ್ಪು ಕಾಣುವ ಕಣ್ಣನ್ನೂ ಮಂದಗೊಳಿಸುತ್ತದೆ.

ಸಡಿಲಿಕೆಯ ಲೆಕ್ಕ

ಅಂತರರಾಷ್ಟ್ರೀಯ ಆಯೋಗದ ಅಂದಾಜಿನಂತೆ, ಒಂದು ಸೀವರ್ಟ್ ವಿಕಿರಣವು ಮಾರಕ ಅರ್ಬುದದ ಸಂಭವವನ್ನು ನೂರಕ್ಕೆ ಸುಮಾರು ಐದರಷ್ಟು ಹೆಚ್ಚಿಸುತ್ತದೆ. ಈ ಲೆಕ್ಕದಲ್ಲಿ ಸಾವಿರ ಕಾರ್ಮಿಕರು ತಲಾ 20 ಮಿಲಿಸೀವರ್ಟ್ ಪಡೆದರೆ ಅವರಲ್ಲೊಬ್ಬನ ಜೀವಕ್ಕೆ ಅಪಾಯ. ನಲವತ್ತು ವರ್ಷ ಪ್ರತಿವರ್ಷವೂ 20ರಂತೆ ಪಡೆದವನಿಗೆ ಒಟ್ಟು 800. ಅಪಾಯ ನೂರಕ್ಕೆ ನಾಲ್ಕು. ಅದೇ ಮಿತಿ 50 ಆದರೆ ಒಟ್ಟು 2000. ಅಪಾಯ ನೂರಕ್ಕೆ ಹತ್ತು. ವಾಸ್ತವದಲ್ಲಿ ಬಹುಪಾಲು ಕಾರ್ಮಿಕರು ಮಿತಿಗಿಂತ ಬಹಳ ಕಡಿಮೆ ಪಡೆಯುತ್ತಾರೆ, ನಿಜ. ಆದರೆ ಹಾಗೆ ಕಡಿಮೆಯಾದುದು ತಾನಾಗಿ ಅಲ್ಲ. ಬಿಗಿಯಾದ ಮಿತಿಯೂ, ಸಾಧ್ಯವಾದಷ್ಟು ತಗ್ಗಿಸಬೇಕೆಂಬ ತತ್ತ್ವವೂ ಕೂಡಿ ಮಾಡಿದ ಕಾರ್ಯ ಅದು. ಔಷಧ ಗುಣ ಮಾಡಿತೆಂದು ಔಷಧವೇ ಅನಾವಶ್ಯಕವೆಂದಂತಾಗಬಾರದು. ಅಷ್ಟೇ ಅಲ್ಲ, ಮಿತಿಯ ಅಂಚಿಗೆ ಹೋಗುವವರು ಪ್ರಾಯಶಃ ಕಾಯಂ ನೌಕರಿಯ ಅಧಿಕಾರಿಗಳಲ್ಲ. ದುರಸ್ತಿಯ ವೇಳೆ ಕೊಳವೆಗಳ ಬಳಿ ಬಗ್ಗಿ ಕೆಲಸ ಮಾಡುವವರು, ಗುತ್ತಿಗೆಯ ಮೇಲೆ ಬಂದುಹೋಗುವವರು. ಸಡಿಲಿಕೆಯ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ.

ಹೊರದೇಶಗಳಲ್ಲಿ ಈ ಸಡಿಲಿಕೆ ಎರಡು ಬಗೆಯಲ್ಲಿ ಬಂದಿದೆ. ಒಂದು, ವಿಪತ್ತಿನ ಹೆಸರಿನಲ್ಲಿ. 2011ರ ಮಾರ್ಚಿನಲ್ಲಿ ಜಪಾನಿನ ಫುಕುಷಿಮಾ ಸ್ಥಾವರ ಹಾಳಾದಾಗ ತುರ್ತು ಕಾರ್ಮಿಕರ ಮಿತಿಯನ್ನು 100ರಿಂದ 250 ಮಿಲಿಸೀವರ್ಟಿಗೆ ಏರಿಸಲಾಯಿತು. ಏಪ್ರಿಲಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಶಾಲೆಯ ಆಟದ ಬಯಲುಗಳಿಗೆ ವರ್ಷಕ್ಕೆ 20 ಮಿಲಿಸೀವರ್ಟಿನ ಮಾನವನ್ನು ಅನ್ವಯಿಸಿತು. ಅಣು ಕಾರ್ಮಿಕನಾದ ವಯಸ್ಕನಿಗೆ ಸಲ್ಲುವ ಅಂಕೆ ಮಣ್ಣಿನಲ್ಲಾಡುವ ಮಗುವಿಗೂ ಸಂದಿತು! ಎಳೆಯ ದೇಹದ ಜೀವಕೋಶಗಳು ಬೇಗಬೇಗ ವಿಭಜನೆಗೊಳ್ಳುವುದರಿಂದಲೂ ಮುಂದಿನ ಆಯುಸ್ಸು ದೀರ್ಘವಾದುದರಿಂದಲೂ ಮಕ್ಕಳಿಗೆ ಅಪಾಯ ಹೆಚ್ಚು. ಪ್ರಧಾನಿಯ ವಿಶೇಷ ಸಲಹೆಗಾರರಾಗಿದ್ದ ಪ್ರಾಧ್ಯಾಪಕ ತೋಷಿಸೋ ಕೊಸಾಕೊ ಈ ಮಾನವನ್ನು ಒಪ್ಪಲಾರದೆ ಕಣ್ಣೀರಿಟ್ಟು ರಾಜೀನಾಮೆಯಿತ್ತರು. ತಂದೆತಾಯಿಗಳು ಟೋಕಿಯೋದ ಇಲಾಖೆಯ ಬಾಗಿಲಿಗೆ ಹೋದರು. ಮೇ ತಿಂಗಳಲ್ಲಿ ಇಲಾಖೆಯು ಶಾಲೆಯಲ್ಲಿ 1 ಮಿಲಿಸೀವರ್ಟನ್ನೇ ಗುರಿಯಾಗಿ ಇಟ್ಟುಕೊಳ್ಳುವುದಾಗಿ ಸಾರಿತು. ಬಯಲುಗಳ ಮೇಲ್ಮಣ್ಣು ತೆಗೆಯುವ ಕಾರ್ಯಕ್ಕೆ ನೆರವು ದೊರೆಯಿತು. ಆದರೂ ಊರುಗಳಿಗೆ ಜನ ಮರಳಬಹುದೆಂಬುದಕ್ಕೆ 20ರ ಮಾನವೇ ಮುಂದುವರಿಯಿತು. ವಿಶ್ವಸಂಸ್ಥೆಯ ಪರವಾಗಿ 2012ರಲ್ಲಿ ಅಲ್ಲಿಗೆ ಭೇಟಿಯಿತ್ತ ಭಾರತೀಯ ನ್ಯಾಯವಾದಿ ಆನಂದ್ ಗ್ರೋವರ್ ತಮ್ಮ ವರದಿಯಲ್ಲಿ 1 ಮಿಲಿಸೀವರ್ಟಿನ ಮಾನವನ್ನೇ ಎತ್ತಿಹಿಡಿದರು.

ಇನ್ನೊಂದು, ಉದ್ಯಮದ ವೇಗದ ಹೆಸರಿನಲ್ಲಿ. ಅಮೆರಿಕದ ಅಧ್ಯಕ್ಷರು 2025ರ ಮೇ 23ರಂದು ಹೊರಡಿಸಿದ ಆಜ್ಞೆಯು, ಅಲ್ಪ ವಿಕಿರಣಕ್ಕೂ ಅಲ್ಪ ಅಪಾಯವಿದೆಯೆಂಬ ಎಣಿಕೆಯನ್ನೂ ಸಾಧ್ಯವಾದಷ್ಟು ತಗ್ಗಿಸಬೇಕೆಂಬ ತತ್ತ್ವವನ್ನೂ ಮರುಪರಿಶೀಲಿಸುವಂತೆ ಅಲ್ಲಿನ ನಿಯಂತ್ರಣ ಸಂಸ್ಥೆಗೆ ವಿಧಿಸಿತು. ಕಾರ್ಮಿಕನಿಗೆ ವರ್ಷಕ್ಕೆ 50ರ ಹಳೆಯ ಮಿತಿಯನ್ನೇ ಉಳಿಸಿಕೊಂಡ ದೇಶ ಅದು. ಹೊಸ ಸ್ಥಾವರಗಳು ಶೀಘ್ರವಾಗಿ, ಅಗ್ಗವಾಗಿ ಏಳಬೇಕೆಂಬುದು ಉದ್ದೇಶ. ದೊಡ್ಡ ದೇಶದಲ್ಲಿ ಬೀಸಿದ ಗಾಳಿ ಸಣ್ಣ ಊರಿನ ಕಿಟಕಿಯನ್ನೂ ತಟ್ಟುತ್ತದೆಂಬುದನ್ನು ಬಲ್ಲವರು ಇದನ್ನು ದೂರದ ಸಮಾಚಾರವೆಂದು ತಳ್ಳಿಹಾಕಲಾರರು.

ಪೂರ್ವಪಕ್ಷ ಮತ್ತು ಸಮಾಧಾನ

ಸಡಿಲಿಕೆಯ ಪರವಾದ ವಾದಗಳನ್ನು ಕೇಳದೆ ತೀರ್ಮಾನಿಸುವುದು ಶಾಸ್ತ್ರಸಮ್ಮತವಲ್ಲ. ಕೇರಳದ ಕರುನಾಗಪ್ಪಳ್ಳಿಯ ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಸಹಜ ವಿಕಿರಣ ಇತರೆಡೆಗಿಂತ ಹಲವು ಪಟ್ಟು ಹೆಚ್ಚು. ಆದರೂ ಅಲ್ಲಿ ಅರ್ಬುದ ಹೆಚ್ಚಾಗಿ ಕಂಡಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಈ ವಾದ ಗೌರವಕ್ಕೆ ಅರ್ಹ. ಆದರೆ ಒಂದು ಪ್ರದೇಶದ ಜನರಲ್ಲಿ ಕಾಣದಿದ್ದುದು ಮೂರು ಲಕ್ಷ ಕಾರ್ಮಿಕರಲ್ಲಿ ಕಂಡುದನ್ನು ಅಳಿಸಿಹಾಕದು. ಮೇಲಾಗಿ, ನೆಲ ಕೊಟ್ಟದ್ದು ಬೇರೆ, ನೆರೆಯವನು ಹೇರಿದ್ದು ಬೇರೆ. ಮಳೆಯಲ್ಲಿ ನೆನೆದವನ ಮೇಲೆ ಇನ್ನೊಂದು ಕೊಡ ನೀರು ಸುರಿಯುವ ಹಕ್ಕು ಯಾರಿಗೂ ಬರುವುದಿಲ್ಲ.

ವಿಕಿರಣಕ್ಕಿಂತ ಅದರ ಭಯವೇ ಹೆಚ್ಚು ಕೊಂದಿತೆಂಬುದು ಎರಡನೆಯ ವಾದ. ಫುಕುಷಿಮಾದಲ್ಲಿ ಆಸ್ಪತ್ರೆಗಳಿಂದ ಅವಸರವಾಗಿ ಸಾಗಿಸಿದ ವೃದ್ಧರು ಅನೇಕರು ಸತ್ತರೆಂಬುದು ಸತ್ಯ. ಇದಕ್ಕೆ ಧರ್ಮಶಾಸ್ತ್ರದಲ್ಲಿಯೇ ಉತ್ತರವಿದೆ. ಆಪದ್ಧರ್ಮವೆಂಬುದು ಆಪತ್ತಿನ ಕಾಲಕ್ಕೆ ಸಲ್ಲುವ ವಿನಾಯಿತಿ. ಉರಿಯುವ ಮನೆಯೊಳಗಿಂದ ಮಗುವನ್ನು ಎತ್ತಿ ತರಲು ಹೋಗುವವನಿಗೆ ಬೇರೆ ಮಿತಿ ಇರಬಹುದು. ಅದು ಅವನ ಸಮ್ಮತಿಯಿಂದ, ಅಲ್ಪಾವಧಿಗೆ, ಬರಹದಲ್ಲಿ ದಾಖಲಾಗಿ ನಡೆಯತಕ್ಕದ್ದು. ಆಪದ್ಧರ್ಮವನ್ನೇ ನಿತ್ಯಧರ್ಮವೆಂದು ಸಾರಿದರೆ ಬೇಲಿಯೇ ಎದ್ದು ಹೊಲ ಮೇದಂತಾಗುತ್ತದೆ.

ಬಿಗಿಯಾದ ಮಿತಿಯಿಂದ ಖರ್ಚು ಹೆಚ್ಚುತ್ತದೆಂಬುದು ಮೂರನೆಯದು. ಹೆಚ್ಚುತ್ತದೆ, ನಿಜ. ಗೋಡೆ ದಪ್ಪವಾಗಬೇಕು, ಕೆಲಸ ನಿಧಾನವಾಗಬೇಕು, ಹೆಚ್ಚು ಜನರನ್ನು ಸರದಿಯ ಮೇಲೆ ನೇಮಿಸಬೇಕು. ಆದರೆ ಆ ಖರ್ಚನ್ನು ಬಿಟ್ಟರೆ ಅದು ಇಲ್ಲವಾಗುವುದಿಲ್ಲ. ಸಂಸ್ಥೆಯ ಪುಸ್ತಕದಿಂದ ಕಾರ್ಮಿಕನ ಮೈಗೆ ವರ್ಗವಾಗುತ್ತದೆ. ನಾಡಿನ ಬೆಳಕಿಗೆ ಯಾವುದೋ ಮೂಲೆಯ ಕೆಲವರು ಬೆಲೆ ತೆರುವುದು ಎಂಥದೆಂಬುದನ್ನು ಶರಾವತಿಯ ಮುಳುಗಡೆಯ ಜನ ಬಲ್ಲರು. ಅವರ ನಷ್ಟಕ್ಕಾದರೂ ಎಕರೆಯ ಲೆಕ್ಕವಿತ್ತು, ಸರ್ವೆ ನಂಬರಿತ್ತು. ಮೂವತ್ತು ವರ್ಷಗಳ ಮೇಲೆ ಬರುವ ರೋಗಕ್ಕೆ ಯಾವ ಸರ್ವೆ ನಂಬರು?

ಕೊಟ್ಟ ಮಾತು

ಆದುದರಿಂದ ನಾಗರಿಕರು ಕೇಳತಕ್ಕದ್ದು ಅತಿಯಾದುದೇನಲ್ಲ. ಕಾರ್ಮಿಕನಿಗೆ 20, ಯಾವ ವರ್ಷವೂ 30ನ್ನು ಮೀರದಂತೆ, ನಿವಾಸಿಗೆ 1 ಎಂಬ ಈಗಿನ ಮಿತಿಗಳು ಕದಲಕೂಡದು. ಸಾಧ್ಯವಾದಷ್ಟು ತಗ್ಗಿಸಬೇಕೆಂಬ ತತ್ತ್ವ ಕಾಗದದಲ್ಲಿ ಮಾತ್ರವಲ್ಲದೆ ಕೆಲಸದಲ್ಲಿಯೂ ಉಳಿಯಬೇಕು. ಗುತ್ತಿಗೆಯ ಕಾರ್ಮಿಕನು ಒಂದು ಸ್ಥಾವರದಿಂದ ಇನ್ನೊಂದಕ್ಕೆ ಹೋದಾಗ ಅವನ ವಿಕಿರಣದ ಲೆಕ್ಕವೂ ಅವನೊಡನೆ ಹೋಗಬೇಕು. ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಅವನ ಕೈಗೆ ಸಿಕ್ಕಬೇಕು. ಸ್ಥಾವರದ ಸುತ್ತಣ ನೀರು, ಮೀನು, ಹಾಲು, ಸೊಪ್ಪುಗಳ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿಯ ಫಲಕದ ಮೇಲೆ ಕಾಣಬೇಕು. ಮಿತಿಯನ್ನು ಬದಲಿಸುವ ಪ್ರಸ್ತಾವ ಎಂದಾದರೂ ಬಂದರೆ, ಅದರ ಭಾರ ಹೊರುವವರನ್ನು ಕೇಳದೆ ತೀರ್ಮಾನವಾಗಕೂಡದು.

ಶಾಲೆಗಳಿಗೆ ಇದರಲ್ಲಿ ಕರ್ತವ್ಯವಿದೆ. ಮಲೆನಾಡಿನ ಹಳ್ಳಿಗಳ ಮಕ್ಕಳು ಓದಿ ಮುಗಿಸಿ ಹೊರಡುವ ಕಾಯಕಗಳಲ್ಲಿ ನಾಳೆ ಕೈಗಾದಂಥ ಸ್ಥಾವರದ ಕೊಳವೆ ಬೆಸೆಯುವ ಕೆಲಸವೂ ಇರಬಹುದು, ಆಸ್ಪತ್ರೆಯ ಎಕ್ಸ್-ರೇ ಕೊಠಡಿಯ ಕೆಲಸವೂ ಇರಬಹುದು. ಕಾಯಕ ಯಾವುದಾದರೂ ಗೌರವದ್ದೇ. ಕಾಯವನ್ನು ಕೆಡಿಸಿ ನಡೆಸಬೇಕಾದುದನ್ನು ಮಾತ್ರ ಆ ಹೆಸರಿನಿಂದ ಕರೆಯಲಾಗದು. ಮಿಲಿಸೀವರ್ಟ್ ಎಂದರೇನು, ಎದೆಯ ಮೇಲಿನ ಬಿಲ್ಲೆ ಏಕೆ, ಅದರ ಲೆಕ್ಕವನ್ನು ಕೇಳುವ ಹಕ್ಕು ತನಗಿದೆಯೆಂಬುದನ್ನು ಕಲಿತು ಹೊರಟ ವಿದ್ಯಾರ್ಥಿ ತನ್ನನ್ನು ತಾನು ಕಾಯಬಲ್ಲ, ಜೊತೆಯವರನ್ನೂ ಕಾಯಬಲ್ಲ.

ಪ್ರಮಾಣವು ಅಳತೆ, ಅದನ್ನು ನಿಷ್ಕೃಷ್ಟವಾಗಿ ಅಳೆಯಬೇಕು. ಪ್ರಮಾಣವು ಸಾಕ್ಷ್ಯ, ಅದಿಲ್ಲದೆ ಮಿತಿಯನ್ನು ಕದಲಿಸಬಾರದು. ಪ್ರಮಾಣವು ಆಣೆ, ದುಡಿಯುವವನಿಗೂ ನೆರೆಯಲ್ಲಿರುವವನಿಗೂ ಇದಕ್ಕಿಂತ ಹೆಚ್ಚು ನಿನ್ನ ಮೈಗೆ ತಾಗಗೊಡುವುದಿಲ್ಲವೆಂದು ನಾಡು ಕೊಟ್ಟ ಮಾತು ಅದು. ಅಳತೆಯಲ್ಲಿ ತಪ್ಪಾದರೆ ತಿದ್ದಿಕೊಳ್ಳಬಹುದು, ಸಾಕ್ಷ್ಯ ಸಾಲದಾದರೆ ಹುಡುಕಬಹುದು. ಕೊಟ್ಟ ಮಾತಿಗೆ ತಪ್ಪಿದರೆ, ಮುಂದಿನ ಯಾವ ಅಂಕೆಯನ್ನೂ ಜನ ನಂಬಲಾರರು.